ಒಪ್ಪವೂ ಸತ್ಯವೂ

ಕನ್ನಡದಲ್ಲಿ ‘ಒಪ್ಪ’ ಎಂಬ ಚಿಕ್ಕ ಶಬ್ದವೊಂದುಂಟು. ಹೊಳಪು, ಮೆರುಗು, ಚೆಲುವು, ಅಂದ ಎಂಬ ಅರ್ಥಗಳೆಲ್ಲವೂ ಅದರಲ್ಲಿ ಅಡಗಿರುವವು. ಒಪ್ಪು, ಒಪ್ಪಿಗೆ, ಒಪ್ಪಂದ, ಒಪ್ಪಿಸು ಎಂಬ ಶಬ್ದಗಳು ಅದರ ನೆರೆಹೊರೆಯವೇ ಆಗಿವೆ. ಅಕ್ಕಸಾಲಿಗನು ಬಂಗಾರಕ್ಕೆ ಒಪ್ಪವಿಡುವನು. ಕೊಳ್ಳುವವನು ಅದರ ಬೆಲೆಗೆ ಒಪ್ಪುವನು. ಶಿಷ್ಯನು ಕಲಿತ ಪಾಠವನ್ನು ಗುರುವಿಗೆ ಒಪ್ಪಿಸುವನು. ಹೊಳೆಯುವದಕ್ಕೂ ಸಮ್ಮತವಾಗುವದಕ್ಕೂ ಕೈಗೆ ಕೈ ಸಲ್ಲಿಸುವದಕ್ಕೂ ಒಂದೇ ಧ್ವನಿಯ ಮಾತುಗಳು ಸಲ್ಲುತ್ತಿರುವದು ವಿಚಾರವಂತರಿಗೆ ವಿನೋದವನ್ನೂ ವಿವೇಕವನ್ನೂ ಕೊಡತಕ್ಕದ್ದಾಗಿದೆ. ಆದರೆ ಅದೇ ಕನ್ನಡಿಗರು ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆಯನ್ನೂ ಕಟ್ಟಿರುವರು. ಹೊಳಪನ್ನು ಕಂಡೊಡನೆ ಒಪ್ಪಬೇಕೆಂದು ಒಂದು ಮಾತು ಹೇಳಿದರೆ, ಹೊಳಪನ್ನು ಕಂಡೊಡನೆ ಸಂದೇಹಪಡಬೇಕೆಂದು ಇನ್ನೊಂದು ಮಾತು ಎಚ್ಚರಿಸುವದು. ಹಾಗಾದರೆ ಒಂದು ವಸ್ತುವಿನ ಮೇಲಿನ ಒಪ್ಪವು ಎಲ್ಲಿಯವರೆಗೆ ಸತ್ಯವಾಗಿರುವದು, ಎಲ್ಲಿಂದ ಅಸತ್ಯವಾಗುವದು? ಪ್ರಶ್ನೆಯು ದೊಡ್ಡದು. ಆದರೆ ದೊಡ್ಡ ಪ್ರಶ್ನೆಗಳನ್ನು ಸಣ್ಣ ವಸ್ತುಗಳಲ್ಲಿ ಪರೀಕ್ಷಿಸುವದು ನಮ್ಮ ಶಾಸ್ತ್ರಕಾರರ ಪದ್ಧತಿ. ಗಡಿಗೆ, ಬಟ್ಟೆ, ಹಗ್ಗ, ಕನ್ನಡಿ ಇವುಗಳಿಂದಲೇ ಅವರು ಜಗತ್ತಿನ ಸ್ವರೂಪವನ್ನು ನಿರ್ಣಯಿಸಿರುವರು. ಇಲ್ಲಿ ಕೈಯಿಂದ ಕಡೆದ ಒಂದು ಕಟ್ಟಿಗೆಯ ಲೇಖನಿಯೂ, ಅದಕ್ಕೆ ತಿಕ್ಕುವ ಮೇಣವೂ ಆ ಕೆಲಸಕ್ಕೆ ಸಾಕು.

ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ದಾರಿಯಲ್ಲಿ ಬೆಳವಲದ ಕರಿನೆಲವು ಹಿಂದೆ ಸರಿದು ಅರೆಮಲೆನಾಡು ಆರಂಭವಾಗುವಲ್ಲಿ ಕಲಘಟಗಿಯಿದೆ. ಬಸವಣ್ಣನ ಗುಡಿಗೆ ಹೆಸರಾದ ತಂಬೂರವು ಅದೇ ತಾಲೂಕಿನ ಗ್ರಾಮ. ಈ ಸೀಮೆಯ ಹೆಸರನ್ನು ದೂರದ ಮನೆಗಳಿಗೆ ಮುಟ್ಟಿಸಿದ್ದು ಅಲ್ಲಿಯ ತೊಟ್ಟಿಲು. ಕಲಘಟಗಿಯ ತೊಟ್ಟಿಲೆಂದರೆ ತೇಗದ ಕಟ್ಟಿಗೆಯ ಕೆಲಸ. ಅದರ ಮೇಲೆ ಅರಗು ಕೂಡಿದ ಬಣ್ಣ. ಹಲಗೆಗಳ ಮೇಲೆ ಕೃಷ್ಣಲೀಲೆಯ ಮತ್ತು ರಾಮಾಯಣದ ಚಿತ್ರಗಳು. ಒಂದು ಮನೆಯಲ್ಲಿ ಅಜ್ಜನು ಮಲಗಿದ ತೊಟ್ಟಿಲಲ್ಲಿ ಮೊಮ್ಮಗನೂ ಮಲಗಿದನೆಂಬ ಮಾತು ಉತ್ತರ ಕರ್ನಾಟಕದ ಮನೆತನಗಳಲ್ಲಿ ಅಪರೂಪವಲ್ಲ. ಚಿತ್ರಗಳು ಮಾಸಿದರೂ ಹೊಳಪು ಪೂರ್ಣವಾಗಿ ಹೋಗಿರುವದಿಲ್ಲ. ಇಂಥ ಸೀಮೆಯಲ್ಲಿ ಕಟ್ಟಿಗೆಯ ಒಪ್ಪದ ವಿಷಯವನ್ನು ಎತ್ತಿದರೆ ಅದು ಕೇವಲ ಅಲಂಕಾರದ ಮಾತೆಂದು ಯಾರೂ ಹಗುರಾಗಿ ಎಣಿಸಲಾರರು. ಏಕೆಂದರೆ ತೊಟ್ಟಿಲೊಳಗಿನ ಕೂಸು ಮೊದಲು ಮಾಡುವ ಕೆಲಸವೆಂದರೆ ಕೈಗೆ ಸಿಕ್ಕ ಕಂಬವನ್ನು ಬಾಯಿಗೆ ಹಚ್ಚುವದು.

ತಂಬೂರದಲ್ಲಿ ಒಬ್ಬ ಬಡಿಗನು ತೊಟ್ಟಿಲ ಕೆಲಸದಲ್ಲಿ ಉಳಿದ ತೇಗದ ತುಂಡೊಂದರಿಂದ ಲೇಖನಿಯನ್ನು ಮಾಡಹೊರಟನೆಂದು ಇಟ್ಟುಕೊಳ್ಳಬಹುದು. ಇಂಥ ಲೇಖನಿಗಳನ್ನು ಮನೆಯಲ್ಲಿಯೇ ಕಡೆದು ಮಾಡುವ ಅಭಿರುಚಿಯು ಈಗ ಅನೇಕ ದೇಶಗಳಲ್ಲಿ ಹಬ್ಬಿರುವದು. ಅದರ ಕ್ರಮವು ಹೀಗೆ: ಗೇಣಿಗಿಂತ ಚಿಕ್ಕದಾದ ತುಂಡಿನ ನಡುವೆ ಉದ್ದಕ್ಕೂ ರಂಧ್ರ ಕೊರೆಯುವರು, ಅದರೊಳಗೆ ಹಿತ್ತಾಳೆಯ ತೆಳುವಾದ ನಳಿಕೆಯನ್ನು ಅಂಟಿಸುವರು, ಬಳಿಕ ಅದನ್ನು ಕಡಸಲಿಗೆ, ಅಂದರೆ ಕಟ್ಟಿಗೆಯನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ ಏರಿಸಿ ಉಳಿಯಿಂದ ದುಂಡಗೆ ಮಾಡುವರು, ಒರಟಾದ ಉಪ್ಪುಕಾಗದದಿಂದ ಮೊದಲುಮಾಡಿ ನಯವಾದುದರವರೆಗೆ ಒಂದಾದ ಮೇಲೊಂದರಿಂದ ಉಜ್ಜುವರು. ಇಷ್ಟಾದ ಮೇಲೆ ತೇಗದ ಎಳೆಗಳು ಸ್ಪಷ್ಟವಾಗಿ ಕಾಣುವವು. ಆದರೆ ಅದು ಇನ್ನೂ ಬರಿಯ ಕಟ್ಟಿಗೆ. ಬೆವರು ತಗಲಿದಲ್ಲಿ ಕಪ್ಪಾಗುವದು, ಮಸಿ ಬಿದ್ದಲ್ಲಿ ಹೀರಿಕೊಳ್ಳುವದು. ಆದ್ದರಿಂದ ಕೊನೆಯ ಒಪ್ಪವು ಬೇಕು. ಬಡಿಗನ ನಿಜವಾದ ಚಿಂತೆಯು ಇಲ್ಲಿಂದಲೇ ಹುಟ್ಟುವದು. ಕಪಾಟವನ್ನು ಜನರು ನೋಡುವರು, ಮುಟ್ಟುವದು ಕಡಿಮೆ. ಲೇಖನಿಯಾದರೋ ತಾಸುಗಟ್ಟಲೆ ಮೂರು ಬೆರಳುಗಳ ಬಿಸಿಯಲ್ಲಿಯೂ ಬೆವರಿನಲ್ಲಿಯೂ ಇರತಕ್ಕದ್ದು. ಲೆಕ್ಕವು ಬರದಿದ್ದಾಗ ವಿದ್ಯಾರ್ಥಿಯು ಅದರ ತುದಿಯನ್ನು ಕಚ್ಚುವನೆಂಬದನ್ನು ಶಾಲೆಯ ಬಲ್ಲವರೆಲ್ಲರೂ ಬಲ್ಲರು. ತೊಟ್ಟಿಲ ಕೂಸು ಶಾಲೆಗೆ ಬಂದರೂ ಬಾಯಿಯ ಅಭ್ಯಾಸವನ್ನು ಬಿಟ್ಟಿರುವದಿಲ್ಲ.

ಒಪ್ಪಕ್ಕೆ ದೊರೆಯುವ ಸಾಧನಗಳು ಹಲವು. ಒಂದೊಂದಕ್ಕೆ ಒಂದೊಂದು ಗುಣ, ಒಂದೊಂದು ದೋಷ. ಜೇನುಮೇಣವು ಸೌಮ್ಯವಾದದ್ದು, ಸುವಾಸನೆಯದು, ಕೈಗೆ ಹಿತವಾದದ್ದು. ಆದರೆ ಅದು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವದು, ಅದಕ್ಕಿಂತ ಬಹಳ ಕಡಿಮೆಯ ಬಿಸಿಯಲ್ಲಿಯೇ ಮೆತ್ತಗಾಗುವದು. ಆದ್ದರಿಂದ ಬೆರಳುಗಳ ಕೆಳಗೆ ಅದರ ಹೊಳಪು ಬಹುಕಾಲ ನಿಲ್ಲದು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣವು ಸುಮಾರು 82ರಿಂದ 86 ಡಿಗ್ರಿಯವರೆಗೆ ಕರಗುವದಿಲ್ಲ. ಅದು ಗಟ್ಟಿ, ಅದರ ಹೊಳಪೂ ತೀಕ್ಷ್ಣ. ಆದರೆ ಗಟ್ಟಿಯಾದುದರಿಂದಲೇ ಅದನ್ನು ತಿರುಗುವ ಕಟ್ಟಿಗೆಯ ಘರ್ಷಣೆಯ ಬಿಸಿಯಿಂದ ಹರಡಬೇಕಾಗುವದು; ದಪ್ಪವಾಗಿ ಹಚ್ಚಿದರೆ ಬಿರಿಯುವದು. ಕಲ್ಲೆಣ್ಣೆಯಿಂದ ಹುಟ್ಟುವ ಸೂಕ್ಷ್ಮಸ್ಫಟಿಕದ ಮೇಣವೊಂದನ್ನು 1950ರ ದಶಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರು ಪ್ರಾಚೀನ ವಸ್ತುಗಳ ರಕ್ಷಣೆಗೆಂದು ಸಿದ್ಧಪಡಿಸಿದರು. ಬೆರಳಿನ ಗುರುತು ಅದರ ಮೇಲೆ ಸುಲಭವಾಗಿ ಮೂಡದು. ನಮ್ಮ ಅರಗಾದರೋ ಮೇಣವಲ್ಲ. ಮುತ್ತುಗ, ಬೋರೆ ಮೊದಲಾದ ಗಿಡಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ರಾಳವದು. ಚನ್ನಪಟ್ಟಣದ ಕೆಲಸಗಾರರು ಅರಗಿನ ಕಡ್ಡಿಯನ್ನು ತಿರುಗುವ ಹಾಲೆಮರದ ತುಂಡಿಗೆ ಒತ್ತಿಹಿಡಿಯುವರು. ಘರ್ಷಣೆಯ ಬಿಸಿಗೆ ಅದು ಕರಗಿ ಕಟ್ಟಿಗೆಯನ್ನು ಆವರಿಸುವದು. ಆಮೇಲೆ ಕೇದಗೆಯ ಜಾತಿಯ ಎಲೆಯಿಂದ ತಿಕ್ಕಿ ಹೊಳಪೇರಿಸುವರು. ಅರಗು ಮೇಣಕ್ಕಿಂತ ಗಟ್ಟಿ; ಆದರೆ ಮದ್ಯಸಾರದಲ್ಲಿ ಕರಗುವದು, ನೀರು ಬಹಳ ಹೊತ್ತು ನಿಂತರೆ ಬೆಳ್ಳಗಾಗುವದು. ಇವೆಲ್ಲವುಗಳ ಆಚೆಗೆ, ಕ್ಷಣಮಾತ್ರದಲ್ಲಿ ಅಂಟುವ ಸಯನೊಆಕ್ರಿಲೇಟ್ ಎಂಬ ಅಂಟನ್ನೇ ಪದರುಪದರಾಗಿ ಲೇಪಿಸಿ ಗಾಜಿನಂಥ ಹೊಳಪನ್ನು ತರುವವರೂ ಈಗ ಉಂಟು. ಅದು ಬಲವಾದದ್ದು ನಿಜ. ಆದರೆ ಕೈಯು ಅಲ್ಲಿ ಕಟ್ಟಿಗೆಯನ್ನು ಮುಟ್ಟುವದಿಲ್ಲ, ಲೇಪವನ್ನು ಮುಟ್ಟುವದು.

ಇಷ್ಟು ಮಾತ್ರವಾಗಿದ್ದರೆ ಇದು ಶಿಲ್ಪಿಯ ವಿಚಾರವಾಗುತ್ತಿತ್ತು, ಧರ್ಮದ ವಿಚಾರವಾಗುತ್ತಿರಲಿಲ್ಲ. ಧರ್ಮವು ಪ್ರವೇಶಿಸುವದು ಒಂದು ಸಣ್ಣ ಬಿರುಕಿನ ದ್ವಾರದಿಂದ. ಕಡೆಯುತ್ತಿರುವಾಗ ತೇಗದ ತುಂಡಿನಲ್ಲಿ ಕೂದಲೆಳೆಯಂಥ ಒಂದು ಸೀಳು ಕಂಡಿತೆಂದುಕೊಳ್ಳಬೇಕು. ಅದೇ ಕಟ್ಟಿಗೆಯ ಹುಡಿಯನ್ನು ಮೇಣದೊಡನೆಯೋ ಅರಗಿನೊಡನೆಯೋ ಕಲಸಿ ಸೀಳಿನಲ್ಲಿ ತುಂಬಿ, ಮೇಲೆ ಹೊಳಪೇರಿಸಿದರೆ ಕೊಳ್ಳುವವನ ಕಣ್ಣಿಗೆ ಏನೂ ಕಾಣದು. ಜಾತ್ರೆಯ ಅಂಗಡಿಯಲ್ಲಿ ದೀಪದ ಬೆಳಕಿನಲ್ಲಿ ಆ ಲೇಖನಿಯು ಉಳಿದವುಗಳಿಗಿಂತ ಹೆಚ್ಚಾಗಿಯೇ ಮಿಂಚಬಹುದು. ಇಂಗ್ಲಿಷಿನಲ್ಲಿ ಪ್ರಾಮಾಣಿಕನಿಗೆ ಹೇಳುವ ‘ಸಿನ್ಸಿಯರ್’ ಎಂಬ ಶಬ್ದವು ‘ಮೇಣವಿಲ್ಲದ’ ಎಂಬ ಲ್ಯಾಟಿನ್ ಮಾತಿನಿಂದ ಬಂದಿತೆಂದೂ, ರೋಮದ ಶಿಲ್ಪಿಗಳು ಅಮೃತಶಿಲೆಯ ಬಿರುಕುಗಳನ್ನು ಮೇಣದಿಂದ ಮುಚ್ಚಿ ಮಾರುತ್ತಿದ್ದುದೇ ಅದಕ್ಕೆ ಕಾರಣವೆಂದೂ ಒಂದು ಕಥೆಯು ಪ್ರಚಾರದಲ್ಲಿರುವದು. ಶಬ್ದಶಾಸ್ತ್ರಜ್ಞರು ಆ ವ್ಯುತ್ಪತ್ತಿಯನ್ನು ಮನ್ನಿಸುವದಿಲ್ಲ. ಆದರೂ ಕಥೆಯು ಸಾಯದೆ ಉಳಿದಿದೆ. ಮೇಣಕ್ಕೂ ಮೋಸಕ್ಕೂ ಇರುವ ನೆಂಟತನವನ್ನು ಎಲ್ಲ ದೇಶಗಳ ಸಂತೆಗಳೂ ಬಲ್ಲವೆಂಬದೇ ಅದರ ಕಾರಣವಿರಬೇಕು.

ಈಗ ಶಾಸ್ತ್ರದ ಸಹಾಯವನ್ನು ಪಡೆಯಬಹುದು. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶ್ರೀಶಂಕರಾಚಾರ್ಯರು ಸಂಸ್ಕಾರವೆಂದರೇನೆಂಬದನ್ನು ವಿಚಾರಿಸುವಾಗ ಅದನ್ನು ಎರಡು ಬಗೆಯಾಗಿ ವಿಭಾಗಿಸಿರುವರು. ಇಲ್ಲದ ಗುಣವನ್ನು ತಂದು ಕೂಡಿಸುವದು ಒಂದು. ಇರುವ ದೋಷವನ್ನು ತೆಗೆಯುವದು ಇನ್ನೊಂದು. ಮೊದಲನೆಯದು ಗುಣಾಧಾನ, ಎರಡನೆಯದು ದೋಷಾಪನಯನ. ಕನ್ನಡಿಯನ್ನು ತಿಕ್ಕಿದಾಗ ಅದರದೇ ಆದ ಹೊಳಪು ಪ್ರಕಟವಾಗುವದೆಂಬ ದೃಷ್ಟಾಂತವೂ ಅಲ್ಲಿಯೇ ಪೂರ್ವಪಕ್ಷದ ಬಾಯಿಂದ ಬಂದಿರುವದು. ಆ ಕಾಲದ ಕನ್ನಡಿಗಳು ಲೋಹದವು, ತಿಕ್ಕಿದರೆ ಬೆಳಗುವವು. ಆಚಾರ್ಯರ ಉದ್ದೇಶವು ಆತ್ಮನಿಗೆ ಇವೆರಡೂ ಸಲ್ಲವೆಂದು ತೋರಿಸುವದು. ನಿತ್ಯಶುದ್ಧನಿಗೆ ತೆಗೆಯತಕ್ಕ ಕೊಳೆಯೂ ಇಲ್ಲ, ಕೂಡಿಸತಕ್ಕ ಗುಣವೂ ಇಲ್ಲ. ಆದರೆ ಆತ್ಮನಿಗೆ ಸಲ್ಲದ್ದು ಕಟ್ಟಿಗೆಗೆ ಸಲ್ಲುವದು. ಉಪ್ಪುಕಾಗದದಿಂದ ಉಜ್ಜುವದು ದೋಷಾಪನಯನ. ಮೇಣವನ್ನು ಹಚ್ಚುವದು ಗುಣಾಧಾನ.

ಇಲ್ಲಿ ಕಟ್ಟುನಿಟ್ಟಿನವನೊಬ್ಬನು ಎದ್ದು ಹೀಗೆ ವಾದಿಸಬಹುದು: “ತೆಗೆಯುವದು ಸತ್ಯ, ಕೂಡಿಸುವದು ಅಸತ್ಯ. ದೋಷವನ್ನು ನೀಗಿ ತೋರಿದ್ದು ವಸ್ತುವಿನ ಸ್ವಂತದ ಹೊಳಪು. ಮೇಣದಿಂದ ಬಂದದ್ದು ಎರವಲಿನ ಹೊಳಪು. ಆದ್ದರಿಂದ ಮೇಣವೇ ಬೇಡ.” ಈ ಪಕ್ಷಕ್ಕೆ ಒಳ್ಳೆಯ ಉದಾಹರಣೆಯೂ ಇದೆ. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು 1930ರ ದಶಕದ ಆರಂಭದಲ್ಲಿ ಕಡಸಲಿನ ಮೇಲೆ ಸ್ವದೇಶೀ ಲೇಖನಿಗಳನ್ನು ಮಾಡತೊಡಗಿದರು. ಅವರು ಕಳಿಸಿದ ಲೇಖನಿಯನ್ನು ಮೆಚ್ಚಿ ಮಹಾತ್ಮಾ ಗಾಂಧಿಯವರು 1935ರಲ್ಲಿ ಪತ್ರ ಬರೆದರು. ಅಂಥ ಲೇಖನಿಗಳಿಗೆ ಬಳಸುವ ಎಬೊನೈಟ್ ಎಂಬುದು ಗಂಧಕವನ್ನು ಬೆರಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು. ಅದಕ್ಕೆ ಲೇಪವು ಬೇಕಾಗಿಲ್ಲ; ಬಟ್ಟೆಯಿಂದ ತಿಕ್ಕಿ ತಿಕ್ಕಿಯೇ ಕರಿಗಲ್ಲಿನಂಥ ಹೊಳಪನ್ನು ತರಬಹುದು. ಬಿಸಿಲಿಗೆ ಅದು ಮಾಸಿ ಕಂದುಬಣ್ಣಕ್ಕೆ ತಿರುಗಿದರೆ ಮತ್ತೆ ತಿಕ್ಕಿದರಾಯಿತು.

ವಾದವು ಕೇಳುವದಕ್ಕೆ ಚೆನ್ನಾಗಿದೆ, ಆದರೆ ನಿಲ್ಲುವದಿಲ್ಲ. ಕಟ್ಟಿಗೆಯು ಎಬೊನೈಟಲ್ಲ. ಅದನ್ನು ಬರಿದಾಗಿ ಬಿಟ್ಟು ಸತ್ಯವನ್ನು ಕಾಪಾಡಿದೆನೆನ್ನುವವನು ಮೂರು ತಿಂಗಳಲ್ಲಿ ಬೆವರುಗಟ್ಟಿದ ಕಪ್ಪು ಕಡ್ಡಿಯೊಂದನ್ನು ಕೊಂಡವನ ಕೈಯಲ್ಲಿ ಉಳಿಸುವನು. ರಕ್ಷಿಸಬಲ್ಲವನು ರಕ್ಷಿಸದಿರುವದು ಸತ್ಯನಿಷ್ಠೆಯಲ್ಲ, ಔದಾಸೀನ್ಯ. ಇದಲ್ಲದೆ ತೆಗೆಯುವ ಕೆಲಸದಲ್ಲಿಯೂ ಮೋಸಕ್ಕೆ ಎಡೆಯುಂಟು. ಹಳೆಯ ತೊಟ್ಟಿಲೊಂದರಲ್ಲಿ ಕಂಬವು ಮುರಿದು ಕೂಡಿಸಿದ ಗುರುತಿದ್ದರೆ, ಆ ಗುರುತನ್ನು ಚೆನ್ನಾಗಿ ಉಜ್ಜಿ ತೆಗೆದು ಹೊಸದೆಂದು ಮಾರುವವನು ಏನನ್ನೂ ಕೂಡಿಸಿರುವದಿಲ್ಲ. ದೋಷದ ಚಿಹ್ನೆಯನ್ನು ಮಾತ್ರ ತೆಗೆದಿರುವನು, ದೋಷವು ಒಳಗೇ ಇದೆ. ಆದ್ದರಿಂದ ಸತ್ಯಾಸತ್ಯಗಳ ಗಡಿಯು ತೆಗೆಯುವದಕ್ಕೂ ಕೂಡಿಸುವದಕ್ಕೂ ನಡುವೆ ಇಲ್ಲ.

ಹಾಗಾದರೆ ಸಹಜವಾದದ್ದು ಒಳ್ಳೆಯದು, ಕೃತ್ರಿಮವಾದದ್ದು ಕೆಟ್ಟದ್ದು ಎಂದು ಗೆರೆ ಹಾಕಬಹುದೆ? ಇಂದಿನ ಜನರಿಗೆ ಈ ಮಾತು ಬಹಳ ಪ್ರಿಯವಾದದ್ದು. ಜೇನುಮೇಣವೂ ಅರಗೂ ನಮ್ಮ ಹಿರಿಯರ ವಸ್ತುಗಳು, ಆದ್ದರಿಂದ ನಿರ್ದೋಷವೆಂದು ಕೇಳುವೆವು. ಆದರೆ ಹಿರಿಯರ ಅರಗಿನ ಬಣ್ಣಗಳಲ್ಲಿ ಹರಿತಾಳವೂ ಇಂಗಳಿಕವೂ ಸೇರುತ್ತಿದ್ದವೆಂಬದನ್ನು ಮರೆಯಲಾಗದು. ಮೊದಲನೆಯದರಲ್ಲಿ ಶಂಖಪಾಷಾಣದ ಅಂಶವಿದೆ, ಎರಡನೆಯದರಲ್ಲಿ ಪಾದರಸದ್ದು. ಎರಡೂ ಭೂಮಿಯಿಂದ ಅಗೆದು ತೆಗೆದ ಸಹಜ ಪದಾರ್ಥಗಳೇ, ಹಳದಿಗೂ ಕೆಂಪಿಗೂ ಹೆಸರಾದವೇ. ಆ ಬಣ್ಣವನ್ನು ನೆಕ್ಕಿದ ಕೂಸಿಗೆ ಅದರ ಪ್ರಾಚೀನತೆಯಿಂದ ಯಾವ ರಕ್ಷಣೆಯೂ ದೊರೆಯದು. ಅರಿಶಿನದಿಂದಲೂ ನೀಲಿಯಿಂದಲೂ ಬಣ್ಣ ಕಟ್ಟುವ ಪದ್ಧತಿಯು ಚನ್ನಪಟ್ಟಣದಲ್ಲಿ ಪುನಃ ಬಲಗೊಂಡದ್ದು ಒಳ್ಳೆಯದಾಯಿತು. ಹೊಸ ಬಣ್ಣಗಳೂ ನಿರ್ದೋಷವಾಗಿರಲಿಲ್ಲ. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತುಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ಭಾರತ ಸರಕಾರವು ನಿಯಮ ಮಾಡಿದ್ದು 2016ರಲ್ಲಿ. ಹಳೆಯದರಲ್ಲಿಯೂ ವಿಷವಿತ್ತು, ಹೊಸದರಲ್ಲಿಯೂ ವಿಷವಿತ್ತು. ಗಡಿಯು ಇಲ್ಲಿಯೂ ಇಲ್ಲ.

ಅರಗಿನ ಮಾತು ಬಂದಾಗ ಮಹಾಭಾರತದ ವಾರಣಾವತವು ನೆನಪಾಗದೆ ಇರದು. ದುರ್ಯೋಧನನ ಆಜ್ಞೆಯಂತೆ ಪುರೋಚನನು ಪಾಂಡವರಿಗಾಗಿ ಕಟ್ಟಿಸಿದ ಮನೆಯು ಕಣ್ಣಿಗೆ ರಮ್ಯವಾಗಿತ್ತು. ಅದರ ಗೋಡೆಗಳಲ್ಲಿ ಅರಗು, ತುಪ್ಪ, ಸೆಣಬು ಮೊದಲಾದ ಉರಿಯುವ ಪದಾರ್ಥಗಳೆಲ್ಲ ಸೇರಿದ್ದವು. ಪ್ರಪಂಚದ ಸಾಹಿತ್ಯದಲ್ಲಿ ಒಪ್ಪವು ಇದಕ್ಕಿಂತ ಕ್ರೂರವಾದ ಕೆಲಸಕ್ಕೆ ನಿಯುಕ್ತವಾದದ್ದು ವಿರಳ. ವಿಚಾರಿಸಿದರೆ ಆ ಮನೆಯ ಅರಗೂ ಕಲಘಟಗಿಯ ತೊಟ್ಟಿಲ ಅರಗೂ ಒಂದೇ ಕುಲದ್ದು. ಒಂದರಲ್ಲಿ ತಾಯಿಯೊಡನೆ ಐವರು ಮಕ್ಕಳನ್ನು ಸುಡುವ ಸನ್ನಾಹ; ಇನ್ನೊಂದರಲ್ಲಿ ಕೂಸನ್ನು ಮಲಗಿಸುವ ಸಂಭ್ರಮ. ಪದಾರ್ಥವು ಒಂದೇ ಆಗಿರುವಾಗ ಭೇದವೆಲ್ಲಿ? ಉದ್ದೇಶದಲ್ಲಿ ಎಂದು ಒಡನೆ ಉತ್ತರ ಬರುವದು. ಅದು ಸರಿಯಾದ ಉತ್ತರವೇ, ಆದರೆ ಸಾಲದು. ಉದ್ದೇಶವು ಹೃದಯದೊಳಗಿನದು, ಪರರದು ಕಾಣದು, ತನ್ನದನ್ನೇ ಮನುಷ್ಯನು ಅನೇಕ ಸಲ ತಪ್ಪಾಗಿ ಓದುವನು. ಸೀಳನ್ನು ಮುಚ್ಚುವ ಬಡಿಗನೂ “ಲೇಖನಿಯು ಚೆಲುವಾಗಲೆಂದು ಮಾಡಿದೆ” ಎಂದು ತನ್ನನ್ನೇ ಒಪ್ಪಿಸಿಕೊಳ್ಳಬಲ್ಲನು. ಆದ್ದರಿಂದ ಹೊರಗೆ ನಿಂತು ನೋಡಬಹುದಾದ ಒಂದು ಲಕ್ಷಣವು ಬೇಕು.

ಆ ಲಕ್ಷಣವನ್ನು ಅದೇ ಕಥೆಯು ಕೊಡುವದು. ಪಾಂಡವರನ್ನು ಉಳಿಸಿದ್ದು ಯಾವದು? ಗೋಡೆಯನ್ನು ಯಾರೂ ಕೆಡವಲಿಲ್ಲ, ಅರಗನ್ನು ಯಾರೂ ಕೆರೆದು ತೆಗೆಯಲಿಲ್ಲ. ವಿದುರನು ಗೂಢವಾದ ಮಾತಿನಲ್ಲಿ ಯುಧಿಷ್ಠಿರನಿಗೆ ಸೂಚನೆ ಕೊಟ್ಟನು. ಮನೆಯನ್ನು ಹೊಕ್ಕೊಡನೆ ಯುಧಿಷ್ಠಿರನು ತುಪ್ಪದ ಮತ್ತು ಅರಗಿನ ವಾಸನೆಯನ್ನು ಗುರುತಿಸಿದನು. ತಿಳಿದ ಕ್ಷಣದಲ್ಲಿಯೇ ಆ ಮನೆಯ ಅರ್ಧ ಶಕ್ತಿಯು ಹೋಯಿತು. ಅದೇ ಗೋಡೆಗಳ ನಡುವೆ ಅವರು ಬಹುಕಾಲ ಎಚ್ಚರದಿಂದ ಬಾಳಿ, ಸುರಂಗದ ಮಾರ್ಗವಾಗಿ ಪಾರಾದರು. ಅರಗಿನ ಮನೆಯ ಬಲವೆಲ್ಲವೂ ಅದು ಅರಗಿನದೆಂದು ಹೇಳದಿರುವದರಲ್ಲಿತ್ತು. ಕಲಘಟಗಿಯ ತೊಟ್ಟಿಲಾದರೋ ಅರಗಿನದೆಂದು ಹೇಳಿದಷ್ಟೂ ಬೆಲೆ ಏರುವದು. ಇದೇ ಗಡಿ. ಯಾವ ಒಪ್ಪವು ತನ್ನ ವಿಷಯವನ್ನು ಪೂರ್ಣವಾಗಿ ಹೇಳಿದ ಮೇಲೆಯೂ ಉಳಿಯುವದೋ ಅದು ಸತ್ಯವಾದ ಒಪ್ಪ. ಯಾವದು ಹೇಳದಿರುವವರೆಗೆ ಮಾತ್ರ ಹೊಳೆಯುವದೋ ಅದು ಸುಳ್ಳು.

ಈ ಒರೆಗಲ್ಲಿಗೆ ತಿಕ್ಕಿದರೆ ಬಡಿಗನ ಸಂದೇಹಗಳು ಒಂದೊಂದಾಗಿ ಬಗೆಹರಿಯುವವು. “ಇದಕ್ಕೆ ಜೇನುಮೇಣ ಹಚ್ಚಿದೆ, ಎರಡು ತಿಂಗಳಿಗೊಮ್ಮೆ ನೀವೇ ಸ್ವಲ್ಪ ಹಚ್ಚಿ ತಿಕ್ಕಬೇಕು” ಎಂದು ಹೇಳಿ ಮಾರಬಹುದು, ಆಗ ಅದರ ಮೃದುತ್ವವು ದೋಷವಾಗಿ ಉಳಿಯದೆ ಕೊಂಡವನ ನಿತ್ಯದ ಪಾಲಾಗುವದು. “ಇದು ಅಂಟಿನ ಲೇಪ, ಗಟ್ಟಿಯಾದದ್ದು, ಆದರೆ ಕೈಗೆ ಕಟ್ಟಿಗೆಯು ಸಿಗದು” ಎಂದೂ ಹೇಳಿ ಮಾರಬಹುದು, ಬೇಕಾದವನು ಕೊಳ್ಳುವನು. ಸೀಳಿನ ವಿಷಯವೂ ಹಾಗೆಯೇ. “ಇಲ್ಲೊಂದು ಸೀಳಿತ್ತು, ಹುಡಿಯಿಂದ ತುಂಬಿದೆ” ಎಂದು ತೋರಿಸಿ ಬೆಲೆಯನ್ನು ಇಳಿಸಿದರೆ ಅದು ದುರಸ್ತಿ. ತೋರಿಸದಿದ್ದರೆ ಅದು ವಂಚನೆ. ಕೈಯ ಕೆಲಸವು ಎರಡರಲ್ಲಿಯೂ ಕಿಂಚಿತ್ತೂ ಬೇರೆಯಲ್ಲ, ಬೇರೆಯಾದದ್ದು ಬಾಯಿಯ ಕೆಲಸ.

ವ್ಯವಹಾರಜ್ಞರು ಇದಕ್ಕೆ ನಗಬಹುದು. ಕೇಳದವನಿಗೆ ಹೇಳುವ ಹಂಗೇನು? ಪಕ್ಕದ ಅಂಗಡಿಯವನು ಹೇಳದೆ ಮಾರುವಾಗ ಹೇಳುವವನ ಮನೆಯ ಒಲೆ ಉರಿಯುವದು ಹೇಗೆ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಸತ್ಯಕ್ಕೆ ಬೆಲೆಯಿದೆಯೆಂಬವರು ಆ ಬೆಲೆಯನ್ನು ಯಾರು ತೆರಬೇಕೆಂಬದನ್ನು ಹೇಳುವದಿಲ್ಲ. ಬಹಳ ಮಟ್ಟಿಗೆ ಅದನ್ನು ತೆರುವವನು ಬಡ ಕೆಲಸಗಾರನೇ. ಒಂದು ಲೇಖನಿಯ ಸೀಳನ್ನು ತೋರಿಸಿದ್ದಕ್ಕಾಗಿ ಅವನ ಒಂದು ದಿನದ ಕೂಲಿಯು ಹೋಗಬಹುದು. ಇದಕ್ಕೆ ಪರಿಹಾರವು ಅವನಲ್ಲಿಲ್ಲ, ಕೊಳ್ಳುವವರಲ್ಲಿದೆ. ಥಳುಕನ್ನೇ ನೋಡಿ ಬೆಲೆ ಕಟ್ಟುವ ಸುಶಿಕ್ಷಿತ ಗೃಹಸ್ಥರು ಬಡಿಗನಿಂದ ಸತ್ಯವನ್ನು ನಿರೀಕ್ಷಿಸುವದು ನ್ಯಾಯವಲ್ಲ. “ಇದಕ್ಕೆ ಏನು ಹಚ್ಚಿರುವೆ?” ಎಂದು ಕೇಳುವವನೂ, ಹೇಳಿದ ಮೇಲೆ ಮುಖ ತಿರುಗಿಸದೆ ಯೋಗ್ಯ ಬೆಲೆಯನ್ನು ಕೊಡುವವನೂ ಆ ಸತ್ಯದಲ್ಲಿ ಪಾಲುಗಾರರು. ಒಪ್ಪವು ಒಬ್ಬನಿಂದಾಗಬಹುದು, ಒಪ್ಪಂದಕ್ಕೆ ಇಬ್ಬರು ಬೇಕು.

ಇನ್ನೊಂದು ಗಂಟು ಉಳಿದಿದೆ, ಅದು ಹೆಚ್ಚು ಬಿಗಿಯಾದದ್ದು. ಹೇಳಿದರೂ ಕೇಳಲಾರದವರ ಗತಿಯೇನು? ತೊಟ್ಟಿಲೊಳಗಿನ ಕೂಸಿಗೆ ಅರಗಿನ ಗುಣವನ್ನೂ ಇಂಗಳಿಕದ ದೋಷವನ್ನೂ ಯಾರು ತಿಳಿಸಬಲ್ಲರು? ಲೇಖನಿಯನ್ನು ಕಚ್ಚುವ ಹುಡುಗನೂ ಕೊಳ್ಳುವಾಗ ಅಂಗಡಿಯಲ್ಲಿರಲಿಲ್ಲ. ಇಲ್ಲಿ ಹೇಳುವದರಿಂದ ಮಾತ್ರ ಕರ್ತವ್ಯವು ತೀರದು. ಕೇಳಬಲ್ಲವನ ಮುಂದೆ ಬಡಿಗನು ಸಾಕ್ಷಿಯಂತೆ ನಿಂತರೆ ಸಾಕು. ಕೇಳಲಾರದವನ ಮುಂದೆ ಅವನು ತಾಯಿಯ ಸ್ಥಾನದಲ್ಲಿ ನಿಲ್ಲಬೇಕಾಗುವದು. ಆ ಕೂಸಿಗೆ ತಿಳಿವು ಬಂದ ದಿನ ಎಲ್ಲವನ್ನೂ ಹೇಳಿದರೆ ಅದು ಒಪ್ಪೀತೆ ಎಂದು ತನ್ನಲ್ಲಿಯೇ ಕೇಳಿಕೊಂಡು ಒಪ್ಪವನ್ನು ಆರಿಸಬೇಕು. ಒರೆಗಲ್ಲು ಅದೇ, ತಿಕ್ಕುವ ಕಾಲವು ಮಾತ್ರ ಮುಂದಿನದು.

ಕಟ್ಟಿಗೆಗೆ ಹೇಳಿದ್ದು ಮನುಷ್ಯರಿಗೂ ಕೆಲವು ಮಟ್ಟಿಗೆ ಸಲ್ಲುವದು. ವಿದ್ಯೆಯೆಂಬ ಹೆಸರಿನಲ್ಲಿ ಮಕ್ಕಳಿಗೆ ಮಾಡುವ ಸಂಸ್ಕಾರದಲ್ಲಿಯೂ ಉಪ್ಪುಕಾಗದವಿದೆ, ಮೇಣವಿದೆ. ತಪ್ಪು ಉಚ್ಚಾರವನ್ನು ತಿದ್ದುವದು, ಸೋಮಾರಿತನವನ್ನು ನೀಗುವದು ಒಂದು. ನಯವಾದ ಮಾತು, ಸಭೆಯ ರೀತಿ, ಅಂದವಾದ ಅಕ್ಷರ ಇವುಗಳನ್ನು ಕಲಿಸುವದು ಇನ್ನೊಂದು. ವಿನಯವು ಮೇಲಿನ ಲೇಪವೆಂದು ಅದನ್ನು ಹಳಿಯುವವರು ಒರಟುತನವನ್ನೇ ಪ್ರಾಮಾಣಿಕತೆಯೆಂದು ಭ್ರಮಿಸುವರು. ಒಳಗಿನ ಅಜ್ಞಾನದ ಸೀಳನ್ನು ಮುಚ್ಚುವದಕ್ಕಾಗಿ ಕಲಿತ ನಯದ ಮಾತು ಸುಳ್ಳಿನ ಮೇಣ. ತಿಳಿಯದ್ದನ್ನು ತಿಳಿಯದೆಂದು ಹೇಳಿದ ಮೇಲೆಯೂ ಉಳಿಯುವ ನಯವು ನಿಜವಾದ ಒಪ್ಪ.

ಕಡೆಗೆ ಬಡಿಗನು ಯಾವ ಮೇಣವನ್ನು ಆರಿಸಬೇಕು? ಕಟ್ಟಿಗೆಯ ರಂಧ್ರಗಳನ್ನು ತುಂಬುವದಕ್ಕೆ ತೆಳುವಾದ ಅರಗು, ಅದರ ಮೇಲೆ ಬೆರಳಿನ ಬಿಸಿಗೆ ಕರಗದ ಕಾರ್ನೌಬಾ, ಮುಂದೆ ಮನೆಯಲ್ಲಿ ತಿಕ್ಕಿಕೊಳ್ಳುವದಕ್ಕೆ ಒಂದು ಸಣ್ಣ ಡಬ್ಬಿಯಲ್ಲಿ ಜೇನುಮೇಣ, ಹೀಗೆ ಮಾಡಿದರೆ ಲೇಖನಿಯು ಚೆನ್ನಾಗಿ ಬಾಳುವದು. ಆದರೆ ಯಾವ ಮೇಣವೂ ಶಾಶ್ವತವಲ್ಲ. ಹತ್ತು ವರ್ಷ ಬರೆದ ಲೇಖನಿಯನ್ನು ನೋಡಿದರೆ ಹೆಬ್ಬೆರಳು ಊರುವ ಸ್ಥಳದಲ್ಲಿ ಬಡಿಗನು ಹಚ್ಚಿದ್ದು ಒಂದಿಷ್ಟೂ ಉಳಿದಿರುವದಿಲ್ಲ. ಅಲ್ಲಿ ಬೇರೊಂದು ಹೊಳಪು ಬಂದಿರುವದು, ಹಳೆಯ ತೊಟ್ಟಿಲಿನ ಹಿಡಿಯಲ್ಲಿ ತಾಯಂದಿರ ಕೈಯಿಂದ ಬಂದಂಥದು. ಸುಳ್ಳು ಹೇಳದ ಕಟ್ಟಿಗೆಯ ಮೇಲೆಯೇ ಆ ಹೊಳಪು ಹತ್ತುವದು; ಸೀಳನ್ನು ಮುಚ್ಚಿದ ಮೇಣವು ಆ ವೇಳೆಗೆ ಸವೆದು, ಸೀಳು ತಾನೇ ಬಾಯಿ ತೆರೆದಿರುವದು. ಬಡಿಗನು ಅಂಗಡಿಯಲ್ಲಿ ಹೇಳದಿದ್ದುದನ್ನು ಲೇಖನಿಯು ಬರೆಯುವವನ ಬೆರಳಿಗೆ ಹೇಳುವದು. ಅದಕ್ಕಿಂತ ಮೊದಲೇ ತಾನೇ ಹೇಳಿ ಒಪ್ಪಿಸುವದು ಕಡೆದವನಿಗೆ ಗೌರವ.